ಮಧ್ಯಾಹ್ನದ ಮಂಕು

"ನಮ್ಮ ಕೆಜಿಎಫ್‌ನಲ್ಲಿ ನೆಲದ ಕೆಳಗಿಂದ ಏನು ತೆಗೀತಿದ್ರು?" ಸುಮಲತ ಮಿಸ್ ಕೇಳಿದರು.

ಸಹನ ಎದ್ದು ನಿಂತಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಲೆಯೊಳಗೆ ಬೂಸಾ ತುಂಬಿದ ಹಾಗಿತ್ತು.

"ಹಾಲು, ಮಿಸ್."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಸೆಲ್ವರಾಜ್ ಅಂತೂ ಬೆಂಚು ಬಡಿದು ನಕ್ಕ. ಉರಿಗಾಂನ ಸ್ಕೂಲಿನಲ್ಲಿ ಕೂತು ಚಿನ್ನವನ್ನು ಮರೆಯುವವರು ಯಾರಾದರೂ ಇದ್ದಾರೆಯೇ? ಮನೆಯಲ್ಲಿ ಹಸು ಕಟ್ಟಿಕೊಂಡ ಕ್ಯಾಸಂಬಳ್ಳಿಯ ಈ ಹುಡುಗಿ ಮರೆತಿದ್ದಳು.

"ಬೆಳಗ್ಗೆ ಪಟಪಟ ಅಂತ ಹೇಳ್ತೀಯ. ಊಟ ಆದ್ಮೇಲೆ ಏನಾಗುತ್ತೆ ನಿಂಗೆ?" ಎಂದರು ಮಿಸ್. "ಶುಕ್ರವಾರ ಮಧ್ಯಾಹ್ನ ಇನ್ನೊಂದು ಸಲ ಕೇಳ್ತೀನಿ. ಆಗ್ಲೂ ಹೀಗೇ ಆದ್ರೆ ಬಂಗಾರಪೇಟೆ ಕ್ವಿಝ್‌ಗೆ ಸೆಲ್ವರಾಜ್ ಹೋಗ್ತಾನೆ."

ಸಹನಳಿಗೆ ಅಳುವೇ ಬಂತು. ಆ ಕ್ವಿಝ್‌ಗೆಂದು ಅವಳು ಬೇಸಿಗೆ ರಜೆಯಿಂದ ಓದುತ್ತಿದ್ದಳು.

ಸಂಜೆ ಮನೆಗೆ ಬಂದವಳೇ ಗಟಗಟನೆ ಒಂದು ಚೆಂಬು ನೀರು ಕುಡಿದಳು. ಹಸುವಿಗೆ ಹುಲ್ಲು ಹಾಕುವಷ್ಟರಲ್ಲಿ ತಲೆ ತಿಳಿಯಾಯಿತು. ಚಿನ್ನವೊಂದೇ ಅಲ್ಲ, ಓದಿದ್ದೆಲ್ಲ ಸಾಲಾಗಿ ನೆನಪಿಗೆ ಬಂತು. ಅವಳಿಗೆ ಸೋಜಿಗ. ತಲೆ ಅದೇ, ಓದಿದ್ದೂ ಅದೇ. ಮಧ್ಯಾಹ್ನ ಇದೆಲ್ಲ ಎಲ್ಲಿ ಹೋಗಿತ್ತು?

ಕಂಡುಹಿಡಿದೇ ಬಿಡಬೇಕು ಎಂದುಕೊಂಡಳು. ಆ ರಾತ್ರಿ ಮೊಬೈಲ್ ಮುಟ್ಟದೆ ಬೇಗ ಮಲಗಿದಳು. ಬೆಳಗ್ಗೆ ತಲೆ ಹಗುರವಾಗಿತ್ತು, ಮಧ್ಯಾಹ್ನ ಮತ್ತೆ ಮಂಕು. ಮಾರನೆಯ ದಿನ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಬಿಡದೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದಳು. ಗಣಿತದ ಪೀರಿಯಡ್ ಚೆನ್ನಾಗಿಯೇ ಕಳೆಯಿತು. ಊಟದ ಮೇಲೆ ಮಾತ್ರ ಅದೇ ಕತೆ.

ಗುರುವಾರ ಸಂಜೆ ಅಜ್ಜಿ ಸೊಣ್ಣಮ್ಮ ಅವಳ ಬ್ಯಾಗಿನಿಂದ ಬಾಟಲಿ ತೆಗೆದು ಅಲ್ಲಾಡಿಸಿದರು.

"ನೀರು ತುಂಬ್ಸಿದ್ದು ತುಂಬ್ಸಿದಂಗೇ ಐತಲ್ಲೇ. ದಿನಾ ಇಂಗೇನಾ?"

ಸಹನ ನೆಲ ನೋಡಿದಳು. "ಕುಡಿದ್ರೆ ಟಾಯ್ಲೆಟ್‌ಗೆ ಓಗ್ಬೇಕಾಗುತ್ತೆ ಅಜ್ಜಿ. ಅಲ್ಲಿ ಬಾಗ್ಲಿಗೆ ಚಿಲಕನೇ ಇಲ್ಲ. ಯಾರಾದ್ರೂ ನೂಕ್ಬಿಟ್ರೆ?"

ಅಜ್ಜಿಗೆ ಸಿಟ್ಟು ಬಂತು, ಆದರೆ ಮೊಮ್ಮಗಳ ಮೇಲಲ್ಲ.

"ಸೋಮವಾರ ನಾನೇ ಬಂದು ನಿಮ್ಮ ಎಡ್‌ಮಾಸ್ಟ್ರನ್ನ ಕೇಳ್ತೀನಿ. ಅಲ್ಲೀಗಂಟ ನೀರು ಮಾತ್ರ ಬಿಡ್ಬ್ಯಾಡ. ನೀರಿಲ್ದಿದ್ರೆ ಅಸೂನೂ ಮಂಕಾಗಿ ನಿಂತ್ಕಂತದೆ. ನಾವು ಕಳೆ ಕೀಳಾಕೆ ಓದಾಗ ಒಲದಾಗೆ ಬಾಗ್ಲು ಎಲ್ಲಿತ್ತು? ಒಬ್ರು ಸೆರಗು ಅಗಲಿಸಿ ಅಡ್ಡ ನಿಂತ್ಕಂತಿದ್ರು, ಇನ್ನೊಬ್ರು ಓಗ್ತಿದ್ರು. ನಿಂಗೆ ಒಬ್ಳು ಜತೆಗಾತಿ ಇಲ್ವಾ?"

ಇದ್ದಳು, ಪಕ್ಕದಲ್ಲೇ ಕೂರುವ ರಾಧ. ಒಂದೇ ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುವ ಅವಳನ್ನು ಎಲ್ಲರೂ ಮಂಕು ರಾಧ ಎನ್ನುತ್ತಿದ್ದರು. ಸಹನ ಕೂಡ.

ಶುಕ್ರವಾರ ಸಹನ ಬೆಳಗಿನಿಂದಲೇ ಗುಟುಕು ಗುಟುಕಾಗಿ ನೀರು ಕುಡಿದಳು. ಊಟದ ಬೆಲ್ ಆದಾಗ ರಾಧ ಟಾಯ್ಲೆಟ್ ಬಾಗಿಲಿಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಒಳಗಿದ್ದ ಸಹನಳಿಗೆ ಒಂಚೂರೂ ಹೆದರಿಕೆಯಾಗಲಿಲ್ಲ.

ಮಧ್ಯಾಹ್ನ ಮಿಸ್ ಕೇಳಿದ್ದಕ್ಕೆಲ್ಲ ಉತ್ತರ ಬಂತು. ಒಂದು ಮಾತ್ರ ತಪ್ಪಿತು. ಅದನ್ನು ಅವಳು ಓದಿಯೇ ಇರಲಿಲ್ಲ.

"ಬಂಗಾರಪೇಟೆಗೆ ನೀನೇ," ಎಂದರು ಮಿಸ್. ಸಹನ ಮುಖವರಳಿಸಿ ಕೂತಳು.

"ರಾಧ, ನಮ್ಮ ಜಿಲ್ಲೆ ಪಕ್ಕದ ರಾಜ್ಯ ಯಾವುದು? ಒಂದು ಹೇಳು ಸಾಕು."

ರಾಧ ಎದ್ದು ಪಿಳಿಪಿಳಿ ಕಣ್ಣು ಬಿಟ್ಟಳು. ಅವಳ ತುಟಿ ಒಣಗಿತ್ತು. ಹಿಂದಿನ ಬೆಂಚಿನಿಂದ ಯಾರೋ "ಮಂಕು" ಎಂದರು. ಕ್ಲಾಸು ನಕ್ಕಿತು.

ಸಹನಳಿಗೆ ಇವತ್ತು ನಗು ಬರಲಿಲ್ಲ. ಅವಳು ಬಗ್ಗಿ ಬೆಂಚಿನ ಕೆಳಗೆ ನೋಡಿದಳು. ರಾಧಳ ಬಾಟಲಿಯಲ್ಲಿ ಕುತ್ತಿಗೆಯವರೆಗೂ ನೀರಿತ್ತು.

ರಾಧ ತಲೆ ತಗ್ಗಿಸಿ ಕೂತಳು. ಸಹನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗಿಟ್ಟಳು.

"ಕುಡಿ," ಎಂದಳು ಮೆಲ್ಲಗೆ. "ಬಾಗಿಲ ತಾವ ನಾನು ನಿಂತಿರ್ತೀನಿ."