ಬಸ್ ತೊಳೆಯುವ ವಾರಸುದಾರ

ಕಬ್ಬಿಣದ ಸರಳು ನನ್ನ ಕಿವಿ ಸವರಿಕೊಂಡು ಹೋಗಿ ಬಸ್ಸಿನ ಗಾಜಿಗೆ ಬಡಿಯಿತು.

ಗಾಜು ಪುಡಿಪುಡಿ. ನಾನು ಬಗ್ಗಿದೆ... ಇನ್ನೊಂದು ಏಟು ಬಿತ್ತು, ಈ ಸಲ ಭುಜಕ್ಕೆ.

ಹೊಡೀತಿದ್ದವನು ನಮ್ಮೂರಿನ ರೌಡಿ. ಕಡಲಾಚೆಯ ಈ ಬಸ್ ಡಿಪೋವರೆಗೂ ನನ್ನ ಬೆನ್ನು ಹತ್ತಿ ಬಂದಿದ್ದ. ಅವನಿಗೆ ಬೇಕಿದ್ದದ್ದು ನಾನಲ್ಲ. ನನ್ನ ಹಿಂದೆ ರಬ್ಬರ್ ಬೂಟು ಹಾಕ್ಕೊಂಡು ಬಸ್ ತೊಳೀತಿದ್ದ ಆಸಾಮಿ!

ಅವನು ಯಾರು ಗೊತ್ತಾ? ನಮ್ಮ ಕಡೆಯ ದೊಡ್ಡ ನೂಲಿನ ಮಿಲ್ಲಿನ ಒಬ್ಬನೇ ವಾರಸುದಾರ.

ಮಿಲ್ಲಿಗೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗ ಇತ್ತು. ನೂಲು ಕಳುವಾಗಬಾರದು ಅಂತ ಅವನ ಅಪ್ಪ ಹಾಕಿಸಿದ್ದು. ಒಳಗಿದ್ದ ಹೆಂಗಸರು ಆ ಬಾಗಿಲು ಬಡೀತಾ ಬಡೀತಾ ಬೆಂದುಹೋದರು. ಹೊಸ ಷೆಡ್ಡು ಎದ್ದಿತು. ಅದರ ಹಿಂಬಾಗಿಲಿಗೂ ಅಪ್ಪ ಬೀಗ ಹಾಕಿಸಿದ ದಿನ ಮಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟ, ಆಮೇಲೆ ದೇಶಾನೂ ಬಿಟ್ಟ.

ನಾನು ಪತ್ತೇದಾರ; ಅವನನ್ನ ಹುಡುಕೋ ಕೆಲಸ ನನಗೆ ಕೊಟ್ಟಿದ್ದು ಅವನ ಚಿಕ್ಕಪ್ಪ. ಅಣ್ಣ ಹಾಸಿಗೆ ಹಿಡಿದಿದ್ದಾನೆ, ಕಣ್ಣು ಮುಚ್ಚೋ ಮೊದಲು ಮಗನ ಮುಖ ನೋಡಬೇಕಂತೆ ಅಂತ ಗೋಳೋ ಅಂತ ಅತ್ತಿದ್ದ. ನಾನೂ ಕರಗಿದೆ. ನಾಯಿ ಥರ ವಾಸನೆ ಹಿಡಿದು ಹುಡುಕಿದೆ...

ಸರಳು ಮತ್ತೆ ಮೇಲೆದ್ದಿತು. ಅಷ್ಟರಲ್ಲಿ ವಾರಸುದಾರ ಕೈಯಲ್ಲಿದ್ದ ಪೈಪು ತಿರುಗಿಸಿದ. ನೀರಿನ ಪ್ರೆಷರ್‌ಗೆ ರೌಡಿ ಹೋಗಿ ಗೋಡೆಗೆ ಅಪ್ಪಳಿಸಿದ. ನಾನು ಸರಳು ಕಸಿದು ಅವನ ಗಂಟಲಿಗೆ ಅಡ್ಡ ಒತ್ತಿದೆ.

"ಯಾರು ಕಳಿಸಿದ್ದು?"

"ಸಣ್ಣ ಧಣಿ, ಇವರ ಚಿಕ್ಕಪ್ಪ. ಅವನ ಹಿಂದೇನೇ ಹೋಗು, ದಾರಿ ಅವನೇ ತೋರಿಸ್ತಾನೆ ಅಂತ ನಿನ್ನ ಹಿಂದೆ ಬಿಟ್ರು."

ನನ್ನಿಂದ ಹುಡುಕಿಸಿದ್ದು ಮಗನನ್ನಲ್ಲ, ಬಲಿಯನ್ನ!

"ದೊಡ್ಡವರು?"

"ಅವರು ಹೋಗಿ ತಿಂಗಳಾಯ್ತು..."

ಪೈಪಿನ ನೀರು ನಿಂತಿತು. ಮಗ ಕೇಳಿದ್ದು ಒಂದೇ ಮಾತು.

"ಸಾಯೋ ಮುಂಚೆ ಆ ಬೀಗ ತೆಗೆಸಿದ್ರಾ?"

ರೌಡಿ ಅಡ್ಡಡ್ಡ ತಲೆಯಾಡಿಸಿದ. ಸಣ್ಣ ಧಣಿ ಕೈಗೆ ಮಿಲ್ಲು ಬಂದಮೇಲೆ, ಕೆಲಸದ ಹೊತ್ತಲ್ಲಿ ಮುಂಬಾಗಿಲಿಗೂ ಬೀಗ ಬೀಳುತ್ತಂತೆ.

ಮಗ ರಬ್ಬರ್ ಬೂಟು ಕಳಚಿ ಮೂಲೆಗೆ ಒಗೆದ. ಪೊಲೀಸರಿಗೆ ಫೋನ್ ಮಾಡಿ, ಅವರು ಬರೋವರೆಗೂ ಅಲುಗಾಡದ ಹಾಗೆ ನಾನು ರೌಡಿಯನ್ನ ಅದೇ ಪೈಪಿನಿಂದ ಬಸ್ಸಿನ ಬಂಪರ್‌ಗೆ ಬಿಗಿದೆ. ಅವನ ಜೇಬಿನಲ್ಲಿ ಫೋನ್ ಬಡಕೊಳ್ತಿತ್ತು. ತೆಗೆದು ಸ್ಪೀಕರ್ ಒತ್ತಿದೆ.

ಚಿಕ್ಕಪ್ಪನ ದನಿ. "ಮುಗೀತಾ?"

"ಇಲ್ಲ ಚಿಕ್ಕಪ್ಪ," ಅಂದ ಮಗ. "ಈಗ ಶುರು. ಊರಿಗೆ ಬರ್ತಿದ್ದೀನಿ."

ಆ ಕಡೆ ಉಸಿರು ಸಿಕ್ಕಿಕೊಂಡ ಸದ್ದು. ಮುದುಕನ ಎದೆ ಒಡೆಯದೇ ಇರಲಿ ಅಂತ ದೇವರನ್ನ ಬೇಡಿಕೊಂಡೆ.

ಆ ಮನುಷ್ಯ ನೂರು ವರ್ಷ ಬಾಳಬೇಕು... ಜೈಲಿನಲ್ಲಿ.