ಗಾಡಿಗೆ ಒಂದು ಸುತ್ತು

"ಇದೇನೇ ಇದು, 'ನಮ್ಮ ಅಜ್ಜಿ ಜೊತೆ ಎಲ್ಲಿಗೆ ಹೋದರೂ ಲೇಟು'? ಯಾರಾದ್ರೂ ಹೀಗೆ ಶುರು ಮಾಡ್ತಾರಾ?"

ದೊಡ್ಡಪ್ಪ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಕೆಂಪು ಪೆನ್ನು ಕೈಗೆ ಸಿಕ್ಕರೆ ಬಿಡುವವರಲ್ಲ.

"ಆದ್ರೆ ಅದು ನಿಜ, ದೊಡ್ಡಪ್ಪ."

"ನಿಜ ಅಂತ ಎಲ್ಲಾ ಬರೆದುಬಿಡೋದಾ?"

ಹುಡುಗಿ ಹಲ್ಲು ಕಚ್ಚಿಕೊಂಡಳು. ಅಜ್ಜಿ ತೀರಿಕೊಂಡು ಒಂದು ತಿಂಗಳಾಗಿತ್ತು. ಇವತ್ತು ಹನ್ನೊಂದು ಗಂಟೆಗೆ ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಅವರ ನೆನಪಿನ ಸಭೆ. ಮೊಮ್ಮಗಳು ಎರಡು ನಿಮಿಷ ಮಾತಾಡಲಿ ಎಂದು ಸಂಘದವರೇ ಕೇಳಿದ್ದರು. ಅವಳು ಮೂರು ದಿನ ಕೂತು ಒಂದು ಪುಟ ಬರೆದಿದ್ದಳು. ಈಗ ಹತ್ತೂಕಾಲು. ಪುಟದಲ್ಲಿ ಪೆನ್ಸಿಲ್‌ಗಿಂತ ಕೆಂಪೇ ಜಾಸ್ತಿ.

ಅತ್ತೆ ತಲೆ ಬಾಚಿಕೊಳ್ಳುತ್ತಲೇ ಬಂದು ಬಗ್ಗಿ ನೋಡಿದರು. "ಮೆಡಲ್ ಎಲ್ಲೇ? ಮೆಡಲ್ ಬಗ್ಗೆ ಒಂದಕ್ಷರ ಇಲ್ವಲ್ಲ!"

"ಅಜ್ಜಿ ಅದನ್ನ ಗುಂಡಿ ಡಬ್ಬೀಲಿ ಹಾಕಿಟ್ಟಿದ್ರು, ಅತ್ತೆ. ಒಂದು ದಿನಾನೂ ತೋರಿಸ್ಲಿಲ್ಲ."

"ಅದಕ್ಕೇ ನಾವು ಹೇಳ್ಬೇಕು." ಅತ್ತೆ ಬಾಚಣಿಗೆ ಕೆಳಗಿಟ್ಟು, ಪೆನ್ನು ಕಿತ್ತುಕೊಂಡು, ಮೇಲೆ 'ಧೀರ ಮಹಿಳೆ' ಎಂದು ಬರೆದರು.

ದೊಡ್ಡಪ್ಪ ಪೆನ್ನು ವಾಪಸ್ ಕಿತ್ತುಕೊಂಡು ಮುಂದುವರಿಸಿದರು. 'ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಆಂಬುಲೆನ್ಸ್ ಚಾಲಕಿ. ನಂತರ ಹದಿನೆಂಟು ವರ್ಷ ಡ್ರೈವಿಂಗ್ ಶಾಲೆಯ ಶಿಕ್ಷಕಿ. ಎಂಬತ್ತೇಳು ವರ್ಷಗಳ ತುಂಬು ಜೀವನ.'

ಯಾವುದೋ ಆಫೀಸಿನ ಬೋರ್ಡ್ ಓದಿದ ಹಾಗಿತ್ತು. ಇದರಲ್ಲಿ ಅಜ್ಜಿ ಎಲ್ಲಿದ್ದಾರೆ?

ಅಜ್ಜಿ ಯಾವ ಗಾಡಿ ಹತ್ತುವ ಮೊದಲೂ ಅದಕ್ಕೆ ಒಂದು ಸುತ್ತು ಹಾಕುತ್ತಿದ್ದರು. ಮನೆಯ ಕಾರಾದರೂ ಅಷ್ಟೆ, ಟ್ಯಾಕ್ಸಿಯಾದರೂ ಅಷ್ಟೆ. ಟಯರಿಗೆ ಒಂದೊಂದು ಸಣ್ಣ ಒದೆ. ನೆಲದ ಮೇಲೆ ಎಣ್ಣೆ ಸೋರಿದೆಯಾ ಎಂದು ನೋಡುವುದು. ಕೊನೆಗೆ ಮಂಡಿ ಹಿಡಿದುಕೊಂಡು ಬಗ್ಗಿ ಗಾಡಿಯ ಕೆಳಗೆ ಇಣುಕುವುದು.

ಸ್ಕೂಲ್ ಬಸ್ಸನ್ನೂ ಬಿಟ್ಟಿರಲಿಲ್ಲ. "ನಿಮ್ಮ ರೌಂಡ್ ಅಜ್ಜಿ ಬಂದ್ರು ಕಣೇ!" ಎಂದು ಕಿಟಕಿ ತುಂಬ ಮಕ್ಕಳು ನಗುತ್ತಿದ್ದರು. ಬಸ್ ಡ್ರೈವರ್ ಹಾರ್ನ್ ಹೊಡೆದರೆ ಅಜ್ಜಿ ತಿರುಗಿಯೂ ನೋಡದೆ ಒಂದು ಬೆರಳೆತ್ತುತ್ತಿದ್ದರು. ತಡಿ ಎಂದರ್ಥ.

ಸಾಲದ್ದಕ್ಕೆ "ಕ್ಲೀನರ್, ಎಡಗಡೆ ನೋಡಿದ್ಯಾ?" ಎಂದು ಎಲ್ಲರೆದುರು ಕೂಗುತ್ತಿದ್ದರು. ಲಾರಿಗೆ ಡ್ರೈವರ್ ಇದ್ದ ಮೇಲೆ ಕ್ಲೀನರ್ ಬೇಡವೇ? ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರೇ ಅದು. ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

"ಯಾಕಜ್ಜಿ ಹೀಗೆ ಮಾನ ಕಳೀತೀಯ?" ಎಂದು ಒಮ್ಮೆ ಕೇಳಿಯೇಬಿಟ್ಟಿದ್ದಳು.

"ಸೈನ್ಯದಲ್ಲಿದ್ದಾಗ ಒಂದು ಮಧ್ಯಾಹ್ನ," ಅಜ್ಜಿ ಹೇಳಿದ್ದರು, "ಬಿಸಿಲು ತಡೀಲಾರದೆ ಒಬ್ಬ ಸೈನಿಕ ನನ್ನ ಗಾಡಿ ಕೆಳಗೆ ಮಲಗಿಬಿಟ್ಟಿದ್ದ. ನಾನು ಸುತ್ತು ಹಾಕ್ದೆ. ಕಾಲು ಕಾಣಿಸ್ತು."

"ಆಮೇಲೆ? ಏನಾಯ್ತು?"

"ಏನಾಗತ್ತೆ? ಎಬ್ಬಿಸ್ದೆ. ನಿದ್ದೆ ಕೆಡಿಸ್ದೆ ಅಂತ ಬೈಕೊಂಡು ಎದ್ದು ಹೋದ."

"ಅಷ್ಟೇನಾ?"

"ಅಷ್ಟೇ."

ಬಾಂಬಿಲ್ಲ, ಗುಂಡಿಲ್ಲ. ಹುಡುಗಿಗೆ ಅವತ್ತು ನಿರಾಸೆಯಾಗಿತ್ತು. ಆದರೂ ಪುಟದಲ್ಲಿ ಅದನ್ನು ಬರೆದಿದ್ದಳು. ಸೈನ್ಯದ ಬಗ್ಗೆ ಅಜ್ಜಿ ಹೇಳಿದ್ದು ಅದೊಂದೇ.

ದೊಡ್ಡಪ್ಪನ ಪೆನ್ನು ಈಗ ಅಲ್ಲಿಗೆ ಬಂತು.

"ಏನೂ ಆಗ್ಲಿಲ್ಲ ಅಂದ್ಮೇಲೆ ಇದನ್ಯಾಕೆ ಬರೀಬೇಕು?" ಸರ್ರನೆ ಗೆರೆ.

"ಹಾಗಾದ್ರೆ ನೀವೇ ಓದ್ಕೊಳ್ಳಿ, ಹೋಗಿ!"

ಅಷ್ಟರಲ್ಲಿ ಅಪ್ಪ ಕಾರಿನ ಕೀ ಹಿಡಿದು ಬಾಗಿಲಿಗೆ ಬಂದರು. "ಇನ್ನೂ ಮುಗೀಲಿಲ್ವಾ ನಿಮ್ಮ ಪಂಚಾಯ್ತಿ? ಹಾಲ್‌ನಿಂದ ಮೂರು ಸಲ ಫೋನ್ ಬಂತು. ಅಮ್ಮನ ಆ ಸುತ್ತಿನಿಂದ ನನ್ನ ಪರೀಕ್ಷೆಗೆ ಲೇಟು, ನನ್ನ ಮದುವೆಗೆ ಲೇಟು. ಇವತ್ತೊಂದು ದಿನ ಆದ್ರೂ ಟೈಮಿಗೆ ಸರಿಯಾಗಿ ಹೋಗೋಣ್ವಾ?"

ಕೀಗೊಂಚಲು ಕುಲುಕುತ್ತಾ ಕಾರಿನ ಕಡೆ ನಡೆದರು.

ಹುಡುಗಿ ಪುಟವನ್ನೂ ಪೆನ್ಸಿಲನ್ನೂ ಎತ್ತಿಕೊಂಡು ಹೊರಗೆ ಬಂದಳು. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕೂತರು. ಅತ್ತೆ ಹಿಂದೆ ಕೂತು, "ಬಾರೇ ಬೇಗ!" ಎಂದು ಕರೆದರು.

ಹುಡುಗಿ ಬಾಗಿಲಿಗೆ ಕೈ ಹಾಕಿದಳು. ತೆಗೆಯಲಿಲ್ಲ. ಎಡಗಡೆ ಮುಂದಿನ ಟಯರಿನ ಹತ್ತಿರ ಹೋಗಿ ಸಣ್ಣಗೆ ಒದ್ದಳು. ಆಮೇಲೆ ಹಿಂದಿನದಕ್ಕೆ. ನೆಲದ ಮೇಲೆ ಎಣ್ಣೆ ಇರಲಿಲ್ಲ. ಮಂಡಿ ಹಿಡಿದುಕೊಂಡು ಬಗ್ಗಿ ನೋಡಿದಳು.

ಕಾರಿನ ಕೆಳಗೆ ಒಂದು ಒಣಗಿದ ಎಲೆ, ಒಂದು ಬಾಟಲಿ ಮುಚ್ಚಳ. ಆಚೆ ಬದಿಯಲ್ಲಿ ಎರಡು ಕಪ್ಪು ಬೂಟು. ಹೊಸದಾಗಿ ಪಾಲಿಶ್ ಮಾಡಿದ್ದು. ಅವು ನಿಧಾನವಾಗಿ ಹಿಂದಿನ ಟಯರಿನ ಹತ್ತಿರ ಬಂದವು, ನಿಂತವು. ಒಂದು ಬೂಟು ಟಯರಿಗೆ ಸಣ್ಣಗೆ ಒದೆಯಿತು.

ಇಬ್ಬರೂ ಕಾರಿನ ಹಿಂದೆ, ನಂಬರ್ ಪ್ಲೇಟಿನ ಹತ್ತಿರ ಎದುರಾದರು. ಅಪ್ಪ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ಎಡಗಡೆ ನೋಡಿದ್ಯಾ, ಕ್ಲೀನರ್?"

"ನೋಡ್ದೆ. ಏನೂ ಇಲ್ಲ."

"ಈ ಕಡೆನೂ ಏನೂ ಇಲ್ಲ."

ಅಜ್ಜಿಯೂ ಪ್ರತಿ ಸಲ ಸುತ್ತು ಮುಗಿಸಿ "ಏನೂ ಇಲ್ಲ" ಎನ್ನುತ್ತಲೇ ಕೈ ಒರೆಸಿಕೊಳ್ಳುತ್ತಿದ್ದರು. ಕಳೆದುಹೋದದ್ದು ಸಿಕ್ಕಿದವರ ಹಾಗೆ ಖುಷಿಯಾಗಿ.

ಆ ಸೈನಿಕ ಬೈಕೊಂಡು ಎದ್ದು ಹೋದ. ಎದ್ದು, ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಹೋದ.

ಹುಡುಗಿ ಪುಟವನ್ನು ಕಾರಿನ ಡಿಕ್ಕಿಯ ಮೇಲೆ ಇಟ್ಟು, ಕೆಂಪಿಲ್ಲದ ಬದಿಗೆ ತಿರುಗಿಸಿದಳು. ಪೆನ್ಸಿಲ್ ಒತ್ತಿ ಬರೆಯತೊಡಗಿದಳು. 'ನಮ್ಮ ಅಜ್ಜಿ ಜೊತೆ ಎಲ್ಲಿಗೆ ಹೋದರೂ ಲೇಟು.'

ದೊಡ್ಡಪ್ಪ ಪಕ್ಕದ ಸೀಟಿನಿಂದಲೇ ಕೈ ಚಾಚಿ ಹಾರ್ನ್ ಹೊಡೆದರು. ಇನ್ನೊಂದು ಸಲ ಹೊಡೆದರು.

ಅವಳು ಬರೆಯುತ್ತಿದ್ದುದನ್ನೇ ನೋಡುತ್ತಾ, ಅಪ್ಪ ತಲೆ ಎತ್ತಿಯೂ ನೋಡದೆ ಒಂದು ಬೆರಳೆತ್ತಿದರು.