ಅವನು ಅಂದ ‘ಇರಲಿ’

“ಅಲ್ಲಾಡಬೇಡ ಅಂದ್ನಲ್ಲ ಚಿಣ್ಣಿ!”

ಬಾಚಣಿಗೆ ಹಿಡಿದ ಕೈಯಿಂದಲೇ ಅವಳು ಮಗಳ ಗಲ್ಲ ಎತ್ತಿದಳು. ಮುಂಗೂದಲು ಹುಬ್ಬು ದಾಟಿ ಕಣ್ಣೊಳಗೇ ಇಳಿದಿತ್ತು. ಕ್ಲಿಪ್ಪು ಹಾಕಿದರೆ ಜಾರುತ್ತಿತ್ತು, ರಬ್ಬರ್ ಹಾಕಿದರೆ ಪುಟಿಯುತ್ತಿತ್ತು.

ನೋಡಿದವರು ನಗಬೇಕು! ಊರವರ ತಲೆಗೆಲ್ಲ ಕತ್ತರಿ ಆಡಿಸುವ ಅಪ್ಪ, ಸ್ವಂತ ಮಗಳ ತಲೆ ಮುಟ್ಟಿ ತಿಂಗಳುಗಳೇ ಆಗಿದ್ದವು.

“ಅಮ್ಮಾ... ಅಪ್ಪ...”

“ಏನು?”

“ಏನಿಲ್ಲ.” ಚಿಣ್ಣಿ ಮಾತು ನುಂಗಿದಳು. ಅಪ್ಪ ಅಂಗಡಿಯಲ್ಲೇ ಮಲಗತೊಡಗಿದಂದಿನಿಂದ ಅವಳು ಹೀಗೆ ಬಾಯಿ ತೆರೆಯುವುದು, ಮುಚ್ಚುವುದು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗಂಡನ ಅಕ್ಕ ನಿಂತಿದ್ದಳು.

“ಅವನ ಹೊದಿಕೆ, ನಾಲ್ಕು ಜೊತೆ ಬಟ್ಟೆ ಕೊಡು. ಇನ್ನು ಸ್ವಲ್ಪ ದಿನ ಅಲ್ಲೇ ಇರ್ತಾನಂತೆ.”

ಬಾಚಣಿಗೆ ಕೂದಲಲ್ಲೇ ನಿಂತಿತು.

“ಯಾಕಂತೆ ಅತ್ತಿಗೆ? ಅದನ್ನ ಹೇಳೋಕೆ ಅವರಿಗೆ ಬಾಯಿಲ್ವಾ?”

“ಗಂಡಸು ಮನೆ ಬಿಟ್ಟ ಅಂದ್ರೆ ಮನೇಲಿ ಏನೋ ಕೊರತೆ ಇರುತ್ತೆ. ನಾನ್ಯಾಕೆ ಬಾಯಿ ಬಿಡ್ಲಿ!”

ಅವಳ ಕಿವಿಯವರೆಗೂ ಬಿಸಿಯೇರಿತು. ಕೊರತೆ! ಊಟ ಕಳಿಸಲಾ ಅಂತ ಕೇಳಿದರೆ ‘ಇರಲಿ’ ಅಂದವನು ಅವನು. ಮಗು ಕೇಳ್ತಿದೆ, ಬನ್ನಿ ಅಂದರೆ ಗೋಡೆ ನೋಡುತ್ತಾ ‘ಇರಲಿ... ಇರಲಿ...’ ಎಂದು ಗೊಣಗಿದವನು ಅವನು. ಭಿಕ್ಷುಕರನ್ನಾದರೂ ಇದಕ್ಕಿಂತ ಮರ್ಯಾದೆಯಿಂದ ಸಾಗಹಾಕುತ್ತಾರೆ!

ಮದುವೆಯಾದ ಹೊಸದರಲ್ಲಿ ಇದೇ ಮನುಷ್ಯ ಏನಂದಿದ್ದ? “ಊರಿನ ತಲೆಯೆಲ್ಲ ನನ್ನ ಕೈಲಿ. ನನ್ನ ತಲೆ ಮಾತ್ರ ನಿನ್ನ ಕೈಲಿ, ಮಾರಾಯ್ತಿ!”

ಅವಳು ಹೊದಿಕೆ ಎಳೆದು ಕಂಕುಳಲ್ಲಿ ಇರುಕಿಕೊಂಡಳು. “ಕೊಡ್ತೀನಿ ಅತ್ತಿಗೆ. ನಾನೇ ಹೋಗಿ ಕೊಡ್ತೀನಿ. ಚಿಣ್ಣಿ, ಚಪ್ಪಲಿ ಹಾಕ್ಕೋ!”

“ಏಯ್, ಬೇಡ! ಮಗೂನ ಕರ್ಕೊಂಡು ಹೋಗ್ಬೇಡ!”

ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಯಾಕೆ ಎಂದು ಕೇಳುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ.

ಅಂಗಡಿಗೆ ಅಂದು ರಜೆ. ಷಟರ್ ಅರ್ಧ ಇಳಿದಿತ್ತು. ಹೊರಗೆ ಒಂದು ಜೊತೆ ಹೆಂಗಸಿನ ಚಪ್ಪಲಿ!

ಓಹೋ... ಇದಾ ಕಥೆ?

ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಗ್ಗಿ ಒಳಗೆ ನುಗ್ಗಿದಳು.

ಗಿರಾಕಿಯ ಕುರ್ಚಿಯಲ್ಲಿ ತಲೆ ಪೂರ್ತಿ ಬೆಳ್ಳಗಾದ ಹೆಂಗಸೊಬ್ಬರು ಕೂತಿದ್ದರು. ಕನ್ನಡಿಯ ಮೂಲೆಯಲ್ಲಿ ಸದಾ ಇರುತ್ತಿದ್ದ ಚಿಣ್ಣಿಯ ಫೋಟೋ ಈಗ ಅವರ ಕೈಯಲ್ಲಿತ್ತು. ಅದರ ಮುಂದೆ ಕತ್ತರಿ ಹಿಡಿದು ನಿಂತ ಗಂಡ... ಬೆವರಿ ಒದ್ದೆಯಾಗಿದ್ದ.

“ಕತ್ತರಿ ಕೆಳಗಿಡಬೇಡಿ. ಆ ಯೋಚನೆ ಬಂದಿದೆಯಲ್ಲ, ಅದಕ್ಕೆ ಏನಂತೀರಿ?” ಎಂದರು ಅವರು.

“ಇರಲಿ...” ಅವನ ತುಟಿ ಒಣಗಿತ್ತು. “ಬಂದಿದ್ಯಾ, ಇರಲಿ...”

ಅದೇ ಮಾತು! ಅವಳ ಕಂಕುಳಿಂದ ಹೊದಿಕೆ ಜಾರಿತು.

“ಯಾರಿಗ್ರೀ ಇರಲಿ ಅಂತಿರೋದು?”

ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು. ಆ ಹೆಂಗಸು ನಿಧಾನವಾಗಿ ಎದ್ದು, ತಾನು ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವವಳು ಎಂದು ಹೇಳಿಕೊಂಡರು. ಅವನತ್ತ ತಿರುಗಿ, “ನಾನು ಹೇಳೋದಲ್ಲ. ನೀವೇ ಹೇಳ್ಬೇಕು,” ಎಂದರು.

ಅವನು ನೆಲ ನೋಡುತ್ತಲೇ ಹೇಳಿದ.

“ಚಿಣ್ಣಿ ಕೂದಲು ಕತ್ತರಿಸುವಾಗ ಒಂದ್ಸಲ ಒಂದು ಯೋಚನೆ ಬಂತು... ಈ ಕತ್ತರೀನ ನಾನೇ ಅವಳಿಗೆ ಚುಚ್ಚಿಬಿಟ್ರೆ? ಅಷ್ಟೇ. ಆಮೇಲೆ ಹೋಗ್ಲೇ ಇಲ್ಲ. ಕತ್ತರಿ ಅಡಗಿಸಿದೆ. ಈಳಿಗೆ ಮಣೆ ಅಟ್ಟಕ್ಕೆ ಹಾಕ್ದೆ. ಕೊನೆಗೆ... ನಾನೇ ಮನೆಯಿಂದ ದೂರ ಬಂದೆ. ನಂಗೆ ಹುಚ್ಚು ಅಂತ ನೀನು...”

ಈಳಿಗೆ ಮಣೆ ಹುಡುಕಿ ಹುಡುಕಿ ಸಾಕಾಗಿ ತಾನು ಬೈದಿದ್ದು ಅವಳಿಗೆ ನೆನಪಾಯಿತು.

“ಇಂಥ ಯೋಚನೆ ಬೇರೆಯವರಿಗೂ ಬಂದು ಹೋಗುತ್ತಮ್ಮ,” ಎಂದರು ಆಕೆ. “ಇವರಲ್ಲಿ ಅದು ಗೀಳಾಗಿ ಕೂತಿದೆ. ಇದು ಮಗೂನ ನೋಯಿಸೋ ಆಸೆ ಅಲ್ಲ, ನೋಯಿಸಿಬಿಟ್ಟೇನು ಅನ್ನೋ ಭಯ. ಓಡಿದಷ್ಟೂ ಅಟ್ಟಿಸ್ಕೊಂಡು ಬರುತ್ತೆ. ಅದಕ್ಕೇ ಬಂದ ಯೋಚನೆಗೆ ‘ಇರಲಿ’ ಅನ್ನೋಕೆ ಕಲೀತಿದ್ದಾರೆ.”

ಹಾಗಾದರೆ ಆ ‘ಇರಲಿ’... ತನಗಲ್ಲ!

ಕಣ್ಣು ತುಂಬಿತು. ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು.

“ಅತ್ತಿಗೆಗೆ ಗೊತ್ತಿತ್ತಾ?”

“ಅಕ್ಕನೇ ಅಂದ್ಲು... ಹೆಂಡ್ತಿಗೆ ಹೇಳ್ಬೇಡ, ಮಗೂನ ಎತ್ಕೊಂಡು ತವರಿಗೆ ಹೋಗಿಬಿಡ್ತಾಳೆ ಅಂತ.”

“ಆಹಾ! ಎಲ್ಲರೂ ಸೇರಿ ನನ್ನ ಪರವಾಗಿ ತೀರ್ಮಾನ ಮಾಡಿಬಿಟ್ರಿ! ಕಾಲು ಉಳುಕಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಿ. ಮನಸ್ಸು ಉಳುಕಿದ್ರೆ ಮಾತ್ರ ಷಟರ್ ಎಳ್ಕೊಂಡು ಕೂತ್ಕೋತೀರಾ? ನಿಮ್ಮ ತಲೆ ನನ್ನ ಕೈಲಿ ಅಂತ ಕೊಟ್ಟಿದ್ರಲ್ರೀ! ಹೊರಗಿನ ಕೂದಲು ಮಾತ್ರ ಕೊಟ್ಟು ಒಳಗಿಂದೆಲ್ಲ ಮುಚ್ಚಿಟ್ಕೊಂಡ್ರಾ?”

“ನೀನು ಹೋಗಿಬಿಟ್ರೆ...”

“ನಾನೆಲ್ಲಿ ಹೋದೆ? ಹೋದೋರು ನೀವು!”

ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ಅವನ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಬೈಯುತ್ತಲೇ, ಬೆರಳಾಡಿಸುತ್ತಲೇ.

“ನೀವು ಅಂಥದ್ದು ಯಾವತ್ತೂ ಮಾಡ...”

“ಆ ಮಾತು ಈಗ ಬೇಡಮ್ಮ,” ಎಂದರು ಆಕೆ ಮೆಲ್ಲಗೆ. “ಮತ್ತೆ ಮತ್ತೆ ಭರವಸೆ ಕೊಡೋದು ಗೀಳಿಗೆ ತುರಿಕೆ ಕೆರೆದ ಹಾಗೆ. ಆ ಕ್ಷಣಕ್ಕೆ ಹಿತ, ಆಮೇಲೆ ಇನ್ನೂ ಹೆಚ್ಚು.”

ಬಾಯಿಗೆ ಬಂದ ಅಷ್ಟು ಸಿಹಿಯಾದ ಮಾತನ್ನು ನುಂಗುವುದು ಎಷ್ಟು ಕಷ್ಟ! ಅವಳು ನುಂಗಿದಳು. ಬಗ್ಗಿ ಕತ್ತರಿ ಎತ್ತಿ, ಸೆರಗಿನಲ್ಲಿ ಒರೆಸಿ, ಅವನ ಮುಂದೆ ಹಿಡಿದಳು.

“ಚಿಣ್ಣಿ ಕೂದಲು ಕಣ್ಣಿಗೆ ಬೀಳ್ತಿದೆ ರೀ.”

ಅವನು ಆ ಹೆಂಗಸಿನ ಮುಖ ನೋಡಿದ. “ಇವತ್ತೇ ಅಂತ ನಾನೇನೂ ಹೇಳಲ್ಲ. ನಿಮಗೆ ಬಿಟ್ಟಿದ್ದು,” ಎಂದರು ಅವರು.

ತುಂಬ ಹೊತ್ತಾದ ಮೇಲೆ ಅವನು ಕತ್ತರಿ ತೆಗೆದುಕೊಂಡ.

ಅಮ್ಮ ಕರೆದಾಗ ಚಿಣ್ಣಿ ಒಳಗೆ ಬಂದಳು. ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಆ ಹಳೆಯ ಹಲಗೆಯನ್ನು ತಾನೇ ಎಳೆದು, ಹತ್ತಿ ಕೂತಳು. ಅವನು ಬಿಳಿ ಬಟ್ಟೆ ಕೊಡವಿ ಅವಳ ಕೊರಳಿಗೆ ಸುತ್ತಿದ.

“ಬಂತಾ?” ಹೆಂಡತಿ ಅವನಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು.

“ಬಂತು.”

“ಇರಲಿ. ಸಾಯಂಕಾಲ ಅದನ್ನೂ ಕರ್ಕೊಂಡೇ ಮನೆಗೆ ಬನ್ನಿ.”

ಅಳುವಿನ ನಡುವೆಯೇ ಅವನಿಗೆ ನಗು ಬಂತು. “ಅಷ್ಟೊಂದು ಪ್ರೀತೀನಾ, ಮಾರಾಯ್ತಿ?”

“ಪ್ರೀತಿ ಆಮೇಲೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇನ್ಮೇಲೆ ನಾವು ಏನಾದ್ರೂ ಕೇಳಿದ್ರೆ ‘ಇರಲಿ’ ಅನ್ನೋ ಹಾಗಿಲ್ಲ. ಉತ್ತರ ಕೊಡ್ಬೇಕು.”

“ಕೊಡ್ತೀನಿ.”

ಅವನು ಎಡಗೈಯ ಎರಡು ಬೆರಳ ನಡುವೆ ಮುಂಗೂದಲನ್ನು ಹಿಡಿದ. ಕಚಕ್... ಬಿಳಿ ಬಟ್ಟೆಯ ಮೇಲೆ ಚೂರು ಕಪ್ಪು ಉದುರಿತು. ಇನ್ನೊಮ್ಮೆ, ಕಚಕ್. ಮರೆಯಾಗಿದ್ದ ಎರಡು ಕಣ್ಣುಗಳು ಕನ್ನಡಿಯಲ್ಲಿ ಮೂಡಿ, ನೆಟ್ಟಗೆ ಅಪ್ಪನನ್ನೇ ನೋಡಿದವು.

ಚಿಣ್ಣಿ ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

“ಅಪ್ಪಾ... ನೀನು ಮನೆ ಬಿಟ್ಟು ಬಂದಿದ್ದು ನನ್ನಿಂದಾನಾ?”